ಸ್ಟ್ಯಾಂಡಿನ ಮೇಲಿನ ಟೈರು

ನಮ್ಮಣ್ಣನಿಗೆ ಪುಕ್ಕಲಣ್ಣ ಅಂತ ಹೆಸರಿಟ್ಟವಳು ನಾನೇ. ಪಕ್ಕದ ಮನೆಯ ಮೋಟುಗೋಡೆ ಹಾರಲು ಹೆದರಿ ಅರ್ಧ ಬೀದಿ ಸುತ್ತಿಕೊಂಡು ಬಂದ ಹುಡುಗನಿಗೆ ಇನ್ನೇನು ಅನ್ನಬೇಕಿತ್ತು? ಆಗ ನನಗೆ ಏಳು ವರ್ಷ, ಅವನಿಗೆ ಹನ್ನೆರಡು. ಈಗ ಅವನಿಗೆ ಅರವತ್ತೆರಡಾದರೂ ಹೆಸರು ಅಂಟಿಕೊಂಡೇ ಇದೆ. ಅವನ ಟೈರು ಅಂಗಡಿಯ ಗಲ್ಲಾದಲ್ಲಿ ಹದಿನಾಲ್ಕು ವರ್ಷದಿಂದ ಕೂತವಳೂ ನಾನೇ ಆದ್ದರಿಂದ ಗಿರಾಕಿಗಳಿಗೂ ಅದು ಬಾಯಿಪಾಠವಾಗಿದೆ.

ಅವನು ವ್ಯಾಪಾರ ಮಾಡುವ ಚಂದ ನೋಡಬೇಕು. ಬಂದವರನ್ನು ಯಾವ ಗಾಡಿ ಅಂತ ಕೇಳುವುದಿಲ್ಲ, ಯಾವ ರಸ್ತೆ ಅಂತ ಕೇಳುತ್ತಾನೆ. ಗುಂಡಿ ಎಷ್ಟು ಆಳ, ಕಲ್ಲು ಚೂಪೋ ಗುಂಡಗೋ, ಮಳೆ ಬಂದರೆ ಕೆಸರಾಗುತ್ತೋ ಇಲ್ಲವೋ, ಗಾಡಿಯಲ್ಲಿ ಎಷ್ಟು ಜನ ಕೂರುತ್ತಾರೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸಲಿಕ್ಕಿಲ್ಲ. ಅರ್ಧ ಜನ ತಲೆ ಕೆಟ್ಟು ಎದುರಿನ ಅಂಗಡಿಗೆ ಹೋಗುತ್ತಾರೆ. ನಾನು ರೇಗಿದರೆ, "ಹೋಗ್ಲಿ ಬಿಡು ಪುಟ್ಟಿ. ತಪ್ಪು ಟೈರ್ ಕೊಟ್ಟು ಕಳಿಸಿದ್ರೆ ಆಮೇಲೆ ಒದ್ದಾಡೋನು ನಾನು ತಾನೇ" ಅನ್ನುತ್ತಾನೆ. ಐವತ್ತೇಳು ತುಂಬಿದ ನಾನು ಅವನಿಗಿನ್ನೂ ಪುಟ್ಟಿ.

ನನ್ನ ಒಬ್ಬಳೇ ಮಗಳು ನರ್ಸು. ಹೋದ ವರ್ಷ ಅವಳಿಗೆ ಕಲ್ಲುಕ್ವಾರಿಯಾಚೆ ಗುಡ್ಡದ ಮೇಲಿನ ಆರೋಗ್ಯ ಕೇಂದ್ರಕ್ಕೆ ವರ್ಗವಾಯಿತು. ಡಾಂಬರು ಮುಗಿದ ಮೇಲೆ ಹದಿನೆಂಟು ಕಿಲೋಮೀಟರು ಬರೀ ಜಲ್ಲಿಕಲ್ಲು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಮರಿ. ಬಸ್ಸಿಲ್ಲ. ಅದಕ್ಕೆಂದು ಅವಳು ಹಳೇ ಕಾರೊಂದನ್ನು ಕೊಂಡು ತಂದು ಅಂಗಡಿಯ ಮುಂದೆ ನಿಲ್ಲಿಸಿದಳು. ಅದಕ್ಕೆ ದೊಡ್ಡ ದೊಡ್ಡ ಅಲಾಯ್ ಚಕ್ರ, ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಸುತ್ತ ಬಳೆಯ ಹಾಗೆ ತೆಳ್ಳಗಿನ ಟೈರು.

"ಹೇಗಿದೆ ಮಾವ?"

ಅಣ್ಣ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯನ್ನು ಎರಡು ಬೆರಳಿನಲ್ಲಿ ಅಳೆದ. "ಚೆನ್ನಾಗಿದೆ ಕಣಮ್ಮ. ನಿಲ್ಲಿಸಿ ನೋಡೋಕೆ."

"ಅಂದ್ರೆ?"

"ಈ ಟೈರಿಗೆ ಪಕ್ಕೆನೇ ಇಲ್ವಲ್ಲ. ಗುಂಡಿಗೆ ಬಿದ್ರೆ ಏಟು ನೇರ ಚಕ್ರಕ್ಕೆ. ಅಲಾಯ್ ಸೀಳಿತು ಅಂದ್ರೆ ಅಲ್ಲೇ ಕೂರಬೇಕು. ಉಕ್ಕಿನ ಚಕ್ರ ಆದ್ರೆ ಸೊಟ್ಟಗಾಗುತ್ತೆ ಅಷ್ಟೇ, ಬಡಿದು ನೆಟ್ಟಗೆ ಮಾಡ್ಕೊಂಡು ಮನೆ ಸೇರಬಹುದು."

"ಉಕ್ಕಿನ ಚಕ್ರಾನಾ? ಅಜ್ಜನ ಕಾಲದ ಕಾರ್ ಥರ ಕಾಣುತ್ತೆ ಮಾವ!"

"ಕಾಣ್ಲಿ. ಆ ಕಾರ್ ಓಡಿಸ್ಕೊಂಡೇ ಅಲ್ವಾ ಅವನು ಅಜ್ಜ ಆಗಿದ್ದು?"

ನಾನು ಮಗಳ ಪಕ್ಷ ವಹಿಸಿದೆ. "ಪಾಪ, ಆಸೆಪಟ್ಟು ತಂದಿದ್ದಾಳೆ. ಎಲ್ಲದಕ್ಕೂ ಹೆದರ್ಕೊಂಡು ಕೂತ್ರೆ ಆಗುತ್ತಾ ಪುಕ್ಕಲಣ್ಣ?" ಅಂದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ಇಂಚು ಚಿಕ್ಕದಾದ ಉಕ್ಕಿನ ಚಕ್ರ, ಅದರ ಮೇಲೆ ದಪ್ಪ ಪಕ್ಕೆಯ, ಆಳವಾದ ಗೀರುಗಳ ಎತ್ತರದ ಟೈರು ಅಂತ ತೀರ್ಮಾನಿಸಿದ. ಬ್ರೇಕಿಗೆ ತಾಗುತ್ತದೋ ಅಂತ ಮೂರು ಸಲ ಅಳೆದ. ಒಟ್ಟು ಎತ್ತರ ಮೊದಲಿನಷ್ಟೇ ಬರಬೇಕು, ಇಲ್ಲದಿದ್ದರೆ ವೇಗದ ಮೀಟರು ಸುಳ್ಳು ಹೇಳುತ್ತದೆ ಅಂತ ಚೀಟಿಯ ಮೇಲೆ ಲೆಕ್ಕ ಹಾಕಿದ. ನಾಲ್ಕಲ್ಲ, ಐದು ಟೈರು ತರಿಸಿದ. ಡಿಕ್ಕಿಯಲ್ಲಿಡುವ ಸ್ಟೆಪ್ನಿಯೂ ಹೊಸದೇ ಇರಬೇಕಂತೆ. ಬಂದ ಸಂಜೆ ಟಾರ್ಚು ಹಿಡಿದು ಐದರ ಮೇಲೂ ತಯಾರಾದ ವಾರ, ವರ್ಷ ಓದಿ, ಟೈರು ಏರಿಸುವ ಯಂತ್ರದ ಪಕ್ಕ ಸಾಲಾಗಿ ಒರಗಿಸಿಟ್ಟ.

ಇನ್ನೊಂದು ಟೈರಿನ ವಿಷಯ ಹೇಳಬೇಕು. ಅಂಗಡಿಯ ಬಾಗಿಲಲ್ಲಿ, ಯಂತ್ರಕ್ಕೆ ಎರಡೇ ಹೆಜ್ಜೆ ದೂರ, ಒಂದು ಸ್ಟ್ಯಾಂಡ್ ಇದೆ. ಅದರ ಮೇಲೆ ಇದೇ ಜಾತಿಯ, ಇದೇ ಅಳತೆಯ ಟೈರೊಂದನ್ನು ಬರೀ ತೋರಿಸಲಿಕ್ಕೆ ಇಟ್ಟು ಎಂಟು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಅಣ್ಣ ಅದಕ್ಕೆ ಪಾಲಿಶ್ ಹಾಕಿ ಒರೆಸುತ್ತಿದ್ದ. ಹೊಳಪಿನಲ್ಲಿ ಹೊಸದನ್ನೂ ಮೀರಿಸುತ್ತಿತ್ತು. ಆದರೆ ಎಂಟು ವರ್ಷ ಬಿಸಿಲು ಕುಡಿದ ರಬ್ಬರು ಒಳಗೊಳಗೇ ಒಣಗಿರುತ್ತದೆ. ಕಲ್ಲಿನ ಏಟು ಬಿದ್ದರೆ ಯಾವಾಗ ಬಿರಿಯುತ್ತದೋ ದೇವರೇ ಬಲ್ಲ.

ಮರುದಿನ ಹತ್ತು ಗಂಟೆಯೊಳಗೆ ಐದೂ ಟೈರು ಚಕ್ರಕ್ಕೆ ಏರಿದವು. ಮಗಳು ಮಕ್ಕಳ ಲಸಿಕೆಯ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು, ಹಾರ್ನ್ ಬಾರಿಸಿ ಹೊರಟಳು. ಬೆಳಗಿನಿಂದ ಗಡಿಬಿಡಿಯಲ್ಲಿದ್ದ ಅಣ್ಣ ಆಗಷ್ಟೇ ಬಟ್ಟೆ ತೆಗೆದುಕೊಂಡು ಸ್ಟ್ಯಾಂಡಿನ ಹತ್ತಿರ ಹೋದ. ಹೋದವನು ಅಲ್ಲೇ ನಿಂತುಬಿಟ್ಟ.

"ಪುಟ್ಟಿ, ಇಲ್ಲಿ ಬಾ."

ಹೊಸ ಟೈರಿನ ಮೈಮೇಲೆ ಎಳೆ ಎಳೆಯಾಗಿ ರಬ್ಬರಿನ ಕೂದಲಿರುತ್ತದೆ. ಸ್ಟ್ಯಾಂಡಿನ ಟೈರಿಗೆ ಒರೆಸಿ ಒರೆಸಿ ಅದು ಯಾವತ್ತೋ ಉದುರಿತ್ತು. ಈಗ ನೋಡಿದರೆ ಸ್ಟ್ಯಾಂಡಿನ ಮೇಲಿದ್ದ ಟೈರಿನ ತುಂಬ ಕೂದಲು. ಅಂದರೆ ಹೊಸದೊಂದು ಇಲ್ಲಿ ಕೂತಿದೆ, ಎಂಟು ವರ್ಷದ್ದು ಮಗಳ ಕಾರಿನಲ್ಲಿ ಹೋಗಿದೆ.

"ನಂದೇ ತಪ್ಪು. ಅವಸರದಲ್ಲಿ ಎಡವಟ್ಟು ಮಾಡ್ಬಿಟ್ಟೆ" ಅಂದ ಅಣ್ಣ. ಮುಖ ಬಿಳುಚಿಕೊಂಡಿತ್ತು.

ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಸ್ಟ್ಯಾಂಡಿನಡಿಯ ಧೂಳು ಒರೆಸಲು ಆ ಟೈರನ್ನು ಇಳಿಸಿದವಳು ನಾನು. ಹೊಸವುಗಳ ಪಕ್ಕಕ್ಕೇ ಒರಗಿಸಿದ್ದೆ. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದು ಕೈಗೆ ಸಿಕ್ಕಿದ್ದನ್ನು ಎತ್ತಿ ಮೇಲಿಟ್ಟಿದ್ದೆ. ಹೇಳಬೇಕು ಅಂತ ಬಾಯಿ ತೆರೆದವಳು, ಅದರ ಬದಲು ಫೋನ್ ಎತ್ತಿಕೊಂಡೆ.

ಮಗಳಿಗೆ ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಅಣ್ಣ ಸ್ಟ್ಯಾಂಡಿನ ಟೈರನ್ನು ಇಳಿಸಿ, ಮೂಲೆಯಲ್ಲಿದ್ದ ಅದೇ ಅಳತೆಯ ಉಕ್ಕಿನ ಚಕ್ರವೊಂದಕ್ಕೆ ಹಾಕಿ ಗಾಳಿ ತುಂಬತೊಡಗಿದ. ನನಗೆ ತಡೆಯಲಾಗಲಿಲ್ಲ. "ಅಯ್ಯೋ, ಮೊದಲು ಹೊರಡೋ ಮಾರಾಯ!"

"ಬರಿಗೈಲಿ ಹೋಗಿ ಏನ್ ಮಾಡ್ಲಿ?"

ಆ ಹತ್ತು ನಿಮಿಷ ನನಗೆ ಹತ್ತು ವರ್ಷ. ಯಾವತ್ತೂ ಗಂಟೆಗೆ ನಲವತ್ತು ಕಿಲೋಮೀಟರು ದಾಟದ ಅಣ್ಣ ಅವತ್ತು ಡಾಂಬರಿನ ಮೇಲೆ ನಮ್ಮ ಗಾಡಿಯನ್ನು ಎಪ್ಪತ್ತರಲ್ಲಿ ಓಡಿಸಿದ. ಜಲ್ಲಿ ರಸ್ತೆ ಶುರುವಾದ ಮೇಲೆ ಮಾತ್ರ ನಿಧಾನ. ಪ್ರತಿ ತಿರುವಿನಲ್ಲೂ ನಾನು ಕಮರಿಯ ಕಡೆ ನೋಡುವುದು, ನೋಡಲಾರದೆ ಕಣ್ಣು ಮುಚ್ಚುವುದು. ಒಂದು ಕಡೆ ದಾರಿಯಲ್ಲಿ ಕರೀ ರಬ್ಬರಿನ ತುಂಡು ಬಿದ್ದಿತ್ತು. ನಾನು ಕಿರುಚಿಯೇಬಿಟ್ಟೆ. ಅಣ್ಣ ಇಳಿದು ಕಾಲಿನಿಂದ ಹೊರಳಿಸಿ ನೋಡಿದ.

"ಲಾರೀದು ಪುಟ್ಟಿ. ನಮ್ಮದಲ್ಲ."

ಮುಂದೆ ಎರಡು ತಿರುವು ದಾಟಿದರೆ ಜನ ಗುಂಪು ಕಟ್ಟಿ ನಿಂತಿದ್ದಾರೆ. ಹತ್ತಿರ ಹೋಗಿ ನೋಡಿದರೆ ಕ್ವಾರಿಯ ಲಾರಿಯೊಂದು ಅರ್ಧ ಲೋಡು ಕಲ್ಲು ಚೆಲ್ಲಿಕೊಂಡಿತ್ತು, ಅದನ್ನು ಯಾರು ಎತ್ತಬೇಕು ಅಂತ ಜಗಳ. ಬಿಳೀ ಕಾರು ಹೋಯಿತಾ ಅಂತ ಕೇಳಿದರೆ ಒಬ್ಬ ಹೋಯಿತು ಅಂದ, ಇನ್ನೊಬ್ಬ ನೋಡಲಿಲ್ಲ ಅಂದ. ಇವರ ಬಾಯಿಗಿಷ್ಟು ಮಣ್ಣು ಹಾಕ! ಅಣ್ಣ ಮಾತ್ರ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, "ನಂದೇ ತಪ್ಪು, ನಾನೇ ಸರಿಯಾಗಿ ನೋಡ್ಬೇಕಿತ್ತು" ಅಂತ ಹೇಳುತ್ತಲೇ ಇದ್ದ. ಅವನು ಹಾಗೆ ಅಂದಾಗಲೆಲ್ಲ ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದೆ.

ಆರೋಗ್ಯ ಕೇಂದ್ರದ ಅಂಗಳದಲ್ಲಿ ಕಾರು ನಿಂತಿತ್ತು, ಮೈತುಂಬ ಧೂಳು. ನಾನು ಓಡಿಹೋಗಿ ಕೇಂದ್ರದ ಕಿಟಕಿಯಲ್ಲಿ ಇಣುಕಿದೆ. ಮಗಳು ಅಳುವ ಕೂಸೊಂದರ ತೊಡೆಗೆ ಸೂಜಿ ಚುಚ್ಚುತ್ತಿದ್ದಳು. ಸದ್ಯ, ಜೀವ ಬಂತು.

ಅಣ್ಣ ಒಳಗೆ ಬರಲೇ ಇಲ್ಲ. ಕಾರಿನ ಸುತ್ತ ಮಂಡಿಯೂರಿ ಒಂದೊಂದೇ ಟೈರಿನ ಪಕ್ಕೆ ಸವರಿದ. ನಾಲ್ಕಕ್ಕೂ ಕೂದಲಿತ್ತು. ಡಿಕ್ಕಿ ತೆಗೆದು ಸ್ಟೆಪ್ನಿ ಮುಟ್ಟಿದ. ಅದು ನುಣ್ಣಗೆ ಬೋಳು.

ಹೊರಗೆ ಬಂದ ಮಗಳು ವಿಷಯ ಕೇಳಿ ನಕ್ಕಳು. "ಸ್ಟೆಪ್ನಿ ತಾನೇ ಮಾವ! ಇಷ್ಟಕ್ಕೆ ಇಷ್ಟು ದೂರ ಬಂದ್ರಾ?"

"ಸ್ಟೆಪ್ನಿ ಯಾವತ್ತು ಹಾಕ್ತೀಯಮ್ಮ? ಆಗ್ಲೇ ಒಂದು ಟೈರ್ ಕೈ ಕೊಟ್ಟಿರೋ ದಿನ. ನಾವ್ಯಾರೂ ಹತ್ತಿರ ಇರಲ್ಲ. ಅವತ್ತು ಇದನ್ನ ನಂಬ್ಕೊಂಡು ನೀನು ಈ ಇಳಿಜಾರು ಇಳೀಬೇಕು."

ಅವಳು ನಗು ನಿಲ್ಲಿಸಿ ಡಿಕ್ಕಿಯ ಬಾಗಿಲು ಎತ್ತಿ ಹಿಡಿದಳು. ಅವನು ಹೊಸ ಚಕ್ರವನ್ನು ಡಿಕ್ಕಿಗೆ ಹಾಕಿ, ಹಳೆಯದನ್ನು ನಮ್ಮ ಗಾಡಿಗೆ ಹೊತ್ತು ತಂದ.

ಇಳಿಯುವಾಗ ಮೂರನೇ ತಿರುವಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಬೆಳಿಗ್ಗೆ ಆ ಟೈರ್ ಇಳಿಸಿದ್ದು ನಾನು. ಅದಲು ಬದಲು ಮಾಡಿದ್ದೂ ನಾನೇ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅಂಗಡಿಯಿಂದ್ಲೇ. ಸ್ಟ್ಯಾಂಡಲ್ಲಿ ಟೈರ್ ಮೇಲಿನ ಕಂಪನಿ ಹೆಸರು ಓರೆಯಾಗಿತ್ತು. ನಾನು ನೆಟ್ಟಗೆ ಇಡ್ತೀನಲ್ಲ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಮತ್ತೆ ನಂದೇ ತಪ್ಪು ನಂದೇ ತಪ್ಪು ಅಂತ ದಾರಿಯುದ್ದಕ್ಕೂ ಬಡ್ಕೊಂಡ್ಯಲ್ಲೋ!"

ಅವನು ಎದುರಿಗೆ ಬಂದ ಲಾರಿಗೆ ದಾರಿ ಬಿಟ್ಟು, ಬಂಡೆಯ ಪಕ್ಕ ಗಾಡಿ ನಿಲ್ಲಿಸಿದ.

"ತಾಯಿ ನೀನು. ನಿನ್ನ ಕೈಯಿಂದಾನೇ ಆಯ್ತು ಅಂತ ನಾನು ಬಾಯಿಬಿಟ್ಟು ಹೇಳಿದ್ರೆ, ನೀನು ದಾರೀಲೇ ಎದೆ ಒಡ್ಕೊಳ್ತಿದ್ದೆ. ಹೆದರೋದು ನಂಗೆ ಅಭ್ಯಾಸ ಇದೆ ಪುಟ್ಟಿ. ನಿಂಗಿಲ್ಲ."

ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟೆ. ಅವನು ಗಾಡಿ ಹೊರಡಿಸಿದ, ಮತ್ತೆ ಅದೇ ನಲವತ್ತರೊಳಗೆ.

ಆವತ್ತಿನಿಂದ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ. ಗಿರಾಕಿಗಳು ಯಾರಾದರೂ ಹಾಗಂದರೆ, ಎದುರಿನ ಅಂಗಡಿ ತೋರಿಸುತ್ತೇನೆ.