ಕರೆಂಟಿಲ್ಲದೆ ತಿರುಗಿದ ಫ್ಯಾನು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರುಮಾಡಿದರೆ ಎದ್ದುಹೋಗಿ ಚಹಾಕ್ಕೆ ಇಡುವವಳು ನಾನು. ‘ರಾತ್ರಿ ಊಟ ಜಾಸ್ತಿ ಆಗಿರಬೇಕು ನಿಮಗೆ’ ಎಂದು ಮುಖದ ಮೇಲೇ ಹೇಳಿ ಒಂದಿಬ್ಬರ ಸ್ನೇಹವನ್ನೂ ಕಳೆದುಕೊಂಡಿದ್ದೇನೆ. ಅಂಥವಳು ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನಮ್ಮದು ಒಂದು ಖೋಲಿ, ಒಂದು ಅಡುಗೆಮನೆ. ನಾನು, ನಮ್ಮ ಮನೆಯವರು, ಮತ್ತು ಧಾರವಾಡ ಬಿಟ್ಟು ಬಂದು ನಮ್ಮ ಜೊತೆಗಿದ್ದ ಅತ್ತೆ. ಅತ್ತೆಗೆ ಹಳೆಯ ದಮ್ಮು. ಅವರನ್ನು ಒಬ್ಬರೇ ಬಿಟ್ಟುಹೋಗುವ ಹಾಗಿರಲಿಲ್ಲವೆಂದು ನಾನು ಪ್ರೆಸ್ಸಿನ ನೌಕರಿ ಬಿಟ್ಟು, ಮನೆಗೇ ಒಂದು ಕಂಪ್ಯೂಟರ್ ತರಿಸಿಕೊಂಡು, ಮದುವೆ ಪತ್ರಿಕೆ, ಕನ್ನಡ ಸಂಘಗಳ ಸ್ಮರಣ ಸಂಚಿಕೆ ಇಂಥವನ್ನು ಟೈಪ್ ಮಾಡಿಕೊಡುತ್ತಿದ್ದೆ. ಮೇಜು ಇಡಲು ಜಾಗ ಇದ್ದದ್ದು ಅತ್ತೆಯ ಮಂಚದ ಕಾಲ್ದೆಸೆಯಲ್ಲಿ ಮಾತ್ರ. ಕೆಲಸಕ್ಕೆ ಕೂತರೆ ನನ್ನ ಬೆನ್ನು ಅವರ ಕಡೆಗೆ. ಅವರ ಉಸಿರಿನಲ್ಲಿ ಸಣ್ಣ ಸಿಳ್ಳೆಯಂಥ ಸದ್ದಿರುತ್ತಿತ್ತು. ಅದು ಬಿಗಿಯಾಯಿತೆಂದರೆ ನಾನು ಎದ್ದು ಅವರನ್ನು ಕೂರಿಸಿ, ಬೆನ್ನು ತಿಕ್ಕಿ, ಔಷಧಿ ಕೊಡಬೇಕು.

ಆದರೆ ಆ ಕಂಪ್ಯೂಟರ್ ಕೂಗುತ್ತಿತ್ತು, ಥೇಟ್ ಹಿಟ್ಟಿನ ಗಿರಣಿ. ಮುಂಬಯಿಯ ಸೆಕೆಗೆ ಕಾದು ಕೆಟ್ಟೀತೆಂದು ಅದನ್ನು ಜೋಡಿಸಿಕೊಟ್ಟ ಸಾವಂತ ಡಬ್ಬಿಯ ಮುಂದೆ ಎರಡು ಪುಟ್ಟ ಫ್ಯಾನುಗಳನ್ನು ಕೂರಿಸಿದ್ದ. ಹಿಂದೆ ಪವರ್ ಸಪ್ಲೈನದು ಇನ್ನೊಂದು. ಒಮ್ಮೆ ಆ ಗದ್ದಲದಲ್ಲಿ ನನಗೇನೂ ಕೇಳಿಸದೆ, ಸುಮ್ಮನೆ ತಿರುಗಿ ನೋಡಿದರೆ ಅತ್ತೆ ಮಂಚದ ಪಟ್ಟಿ ಹಿಡಿದುಕೊಂಡು ಕೂತಿದ್ದರು, ತುಟಿ ನೀಲಿ. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಚೇತರಿಸಿಕೊಂಡ ಮೇಲೆ ಅತ್ತೆ ಅಂದದ್ದು ಇಷ್ಟೇ: “ನಿನ್ನ ಡಬ್ಬಿ ಉಸರಾಡೂದು ಇಡೀ ಬಿಲ್ಡಿಂಗಿಗೆ ಕೇಳ್ತದ. ನಂದು ನಿನಗೂ ಕೇಳಂಗಿಲ್ಲ ನೋಡು.” ಚೇಷ್ಟೆಗೇ ಅಂದದ್ದು. ನನಗೆ ಮಾತ್ರ ಎದೆಗೆ ನಾಟಿತು.

ಸಾವಂತನನ್ನು ಕರೆಸಿದೆ. “ಭಾಭೀ, ಫ್ಯಾನ್ ಹೈ ತೋ ಆವಾಜ್ ಆಯೇಗಾ ಹೀ” ಎಂದ. ಫ್ಯಾನಿದ್ದ ಮೇಲೆ ಸದ್ದು ಇದ್ದದ್ದೇ ಎಂದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗಾಗದು. ಡಬ್ಬಿ ಬಿಚ್ಚಿಸಿ, ಊದುಬತ್ತಿ ಹಚ್ಚಿ ಒಂದೊಂದು ಫ್ಯಾನಿನ ಮುಂದೂ ಹಿಡಿದೆ. ಮುಂದಿನ ಎರಡರಲ್ಲಿ ಒಂದನ್ನು ಅವನು ತಿರುವುಮುರುವಾಗಿ ಕೂರಿಸಿದ್ದ. ಒಂದು ಎಳೆದ ಗಾಳಿಯನ್ನು ಪಕ್ಕದ್ದೇ ಹೊರಗೆ ನೂಕುತ್ತಿತ್ತು. ಎರಡನ್ನೂ ತೆಗೆಸಿ, ಅಗಲ ರೆಕ್ಕೆಯ ಒಂದೇ ದೊಡ್ಡ ಫ್ಯಾನು ಹಾಕಿಸಿದೆ. ದೊಡ್ಡದು ಮೆಲ್ಲಗೆ ತಿರುಗಿದರೂ ಬೇಕಾದಷ್ಟು ಗಾಳಿ ಎಳೆಯುತ್ತದೆ. ತಗಡು ನಡುಗದಂತೆ ಸ್ಕ್ರೂಗಳ ಕೆಳಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಇಟ್ಟೆವು. ಹನ್ನೆರಡು ವೋಲ್ಟಿನ ತಂತಿ ಬಿಡಿಸಿ ಐದು ವೋಲ್ಟಿನದಕ್ಕೆ ಕೊಟ್ಟ ಮೇಲಂತೂ ಅದು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಒಂದೇ ತೊಂದರೆ. ಅಷ್ಟು ಕಡಿಮೆ ಕರೆಂಟಿಗೆ ಅದು ತಾನಾಗಿ ಹೊರಡುತ್ತಿರಲಿಲ್ಲ. ಸ್ವಿಚ್ ಹಾಕಿ, ಬೆರಳಿನಿಂದ ಒಮ್ಮೆ ದೂಡಬೇಕು. ಅದಕ್ಕೆಂದೇ ಡಬ್ಬಿಯ ಮುಂಭಾಗದ ಮುಚ್ಚಳ ತೆಗೆದಿಟ್ಟಿದ್ದೆ. ಅಂತೂ ಅತ್ತೆಯ ಉಸಿರು ನನಗೆ ಕೇಳತೊಡಗಿತು. ಆ ನೆಮ್ಮದಿಯನ್ನು ಹೇಗೆ ಹೇಳಲಿ.

ಆಮೇಲೆ ಮಳೆಗಾಲ ಬಂತು. ಒಂದು ಸಂಜೆ ಜೋರು ಮಳೆ, ಹಳಿಯ ಮೇಲೆ ನೀರು, ಲೋಕಲ್ ಬಂದ್. ನಮ್ಮವರು ಇನ್ನೂ ಬಂದಿರಲಿಲ್ಲ. ನಾನು ಟೈಪ್ ಮಾಡುತ್ತಿದ್ದಾಗ ಇಡೀ ಬಿಲ್ಡಿಂಗಿನ ಕರೆಂಟು ಹೋಯಿತು. ಮೇಲಿನ ಫ್ಯಾನು, ಪಕ್ಕದ ಮನೆಯ ಟಿವಿ, ಕೆಳಗಿನ ನೀರಿನ ಪಂಪು, ಎಲ್ಲ ಒಟ್ಟಿಗೇ ನಿಂತವು. ಮೇಣದಬತ್ತಿ ಹಚ್ಚಿ ಕಿವಿಗೊಟ್ಟೆ. ಅತ್ತೆಯ ಉಸಿರು ಉದ್ದವಾಗಿ, ಸಲೀಸಾಗಿ ಬರುತ್ತಿತ್ತು. ಸಿಳ್ಳೆಯೇ ಇರಲಿಲ್ಲ. ಅದರ ಜೊತೆಗೇ, ಅದರದೇ ಲಯದಲ್ಲಿ, ಇನ್ನೊಂದು ಸದ್ದು.

ಡಬ್ಬಿಯ ಮುಂದಿನ ಫ್ಯಾನು ತಿರುಗುತ್ತಿತ್ತು. ಅತ್ತೆ ಉಸಿರೆಳೆದಾಗ ಮೆಲ್ಲಗೆ ತಿರುಗಿ, ನಿಂತು, ಅವರು ಬಿಟ್ಟಾಗ ಹಿಂದಕ್ಕೆ ತಿರುಗಿ, ಮತ್ತೆ ನಿಂತು. ಪ್ಲಗ್ಗನ್ನೇ ಕಿತ್ತೆ. ಆದರೂ ತಿರುಗುತ್ತಿತ್ತು. ಕಿಟಕಿ ಬಾಗಿಲು ಮಳೆಗೆಂದು ಭದ್ರವಾಗಿ ಮುಚ್ಚಿದ್ದವು, ಮೇಣದಬತ್ತಿಯ ಉರಿ ಅಲುಗುತ್ತಿರಲಿಲ್ಲ. ರೂಢಿಯ ಮೇಲೆ ಊದುಬತ್ತಿ ಹಚ್ಚಿ ಹಿಡಿದೆ. ಹೊಗೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ನನ್ನ ಮುಖದ ಮೇಲೆ ವಾಪಸು ಬಂತು, ಬೆಚ್ಚಗೆ. ಅತ್ತೆ ಎದೆಗೆ ಹಚ್ಚಿಕೊಳ್ಳುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ ಅದರಲ್ಲಿತ್ತು.

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ನಿಲ್ಲಿಸಲೆಂದು ಬೆರಳು ಚಾಚಿದೆ. ಹಿಂದಿನಿಂದ ಅತ್ತೆ, “ಬ್ಯಾಡವಾ, ಅದನ್ನ ತಡೀಬ್ಯಾಡ. ಎದಿ ಹಗೂರಾಗೇದ” ಎಂದರು. ನಡುವೆ ಎಲ್ಲೂ ಏದುಸಿರಿಲ್ಲದೆ ಅವರು ಒಂದು ಮಾತು ಪೂರ್ತಿ ಆಡಿದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಇಬ್ಬರೂ ಆ ಫ್ಯಾನನ್ನೇ ನೋಡುತ್ತ ಕೂತೆವು. ಹೆದರಿಕೆ ಹೋಗಿ, ಇದು ಹೀಗೇ ತಿರುಗುತ್ತಿರಲಿ ಎಂದು ನಾನೂ ಬೇಡಿಕೊಂಡೆ.

ಆ ಫ್ಯಾನನ್ನು ಆಮೇಲೆ ಸಾವಂತ ಬಿಚ್ಚಿ ನೋಡಿದ. ಕರೆಂಟಿದ್ದರೂ ದೂಡಬೇಕಾದದ್ದು ಕರೆಂಟಿಲ್ಲದೆ ಹೇಗೆ ತಿರುಗೀತು ಎಂದು ನನ್ನನ್ನೇ ಕೇಳಿದ. ನಮ್ಮವರು, ನಿನಗೆ ದಣಿವಾಗಿತ್ತು ಎಂದರು. ಇರಬಹುದು. ನಾನು ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಜೊತೆಗೆ ನೋಡಿದ ಇನ್ನೊಬ್ಬರನ್ನು ಕೇಳೋಣವೆಂದರೆ ಅವರಿಲ್ಲ.

ಏಕೆಂದರೆ ಕರೆಂಟು ಬಂತು. ಒಮ್ಮೆಗೇ ಟ್ಯೂಬ್‌ಲೈಟು, ತಲೆಯ ಮೇಲಿನ ಫ್ಯಾನು, ಪಂಪು, ಟಿವಿ, ಪ್ಯಾಸೇಜಿನಲ್ಲಿ ಮಕ್ಕಳ ಕೇಕೆ. ನಾನು ಕಣ್ಣು ಕಿರಿದು ಮಾಡಿ ಮೇಲೆ ನೋಡಿದೆ, ಅಷ್ಟೇ. ಮತ್ತೆ ನೋಡಿದಾಗ ಡಬ್ಬಿಯ ಫ್ಯಾನು ನಿಂತಿತ್ತು. ಅತ್ತೆಯ ಕೈ ನನ್ನ ಕೈಯಲ್ಲಿ ಬೆಚ್ಚಗೇ ಇತ್ತು, ಕಣ್ಣು ಆ ಫ್ಯಾನಿನ ಮೇಲೇ ಇತ್ತು. ಅವರ ಉಸಿರು ಕೇಳಬೇಕೆಂದೇ ಅಷ್ಟೆಲ್ಲ ಮಾಡಿದ್ದೆ ನಾನು. ಆ ಗದ್ದಲದಲ್ಲಿ ಅದು ಯಾವಾಗ ನಿಂತಿತೋ, ನನಗೆ ಕೇಳಿಸಲಿಲ್ಲ.