ಸೊಟ್ಟ ಕಾಲರ್

ಕಾಲರ್ ಅತ್ತಿಗೆಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಗಾರ್ಮೆಂಟ್ಸಿನಲ್ಲಿ ಪಕ್ಕದ ಮೆಷಿನ್ನಿನ ನಾದಿನಿ ಕರೆಯುವುದನ್ನು ಕೇಳಿ ಕೇಳಿ ಎಲ್ಲರ ಬಾಯಲ್ಲೂ ಅವಳು ಅತ್ತಿಗೆಯಾದಳು. ಷರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲದ್ದರಿಂದ ಆ ಹೆಸರಿನ ಮುಂದೆ ಕಾಲರ್ ಸೇರಿಕೊಂಡಿತು. ಅವಳ ಕಾಲರ್ ತೊಟ್ಟ ಗಂಡಸು ಎಂಥ ಪೆದ್ದನಾದರೂ ನೋಡುವುದಕ್ಕೆ ಮಾತ್ರ ಸಾಹೇಬನೇ.

ಅಂಥ ಕೈಗೆ ಈಗ ಸಿಕ್ಕಿದ್ದ ಕೆಲಸ ಲೇಬಲ್ ಕೀಳುವುದು.

ಆಗಿದ್ದಿಷ್ಟು. ನೆರೆಹೊರೆಯ ದೇಶಗಳ ಮಂತ್ರಿಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬರಲ್ಲಿ ತಯಾರಾದ ಮಾಲು ಇನ್ನೊಬ್ಬರಲ್ಲಿಗೆ ಸುಂಕವಿಲ್ಲದೆ ಹೋಗಬಹುದು. ಕೈ ಕುಲುಕಿ, ಹಲ್ಲು ಕಿರಿದು, ಫೋಟೊ ತೆಗೆಸಿಕೊಂಡು ಹೋದರು. ಇನ್ನು ಕೈತುಂಬ ಕೆಲಸ ಎಂದು ಹೊಲಿಯುವವರು ಹಿಗ್ಗಿದರು. ಮಾಲೀಕನ ಲೆಕ್ಕವೇ ಬೇರೆ. ಹೊಲಿಸುವ ರಗಳೆ ಯಾರಿಗೆ ಬೇಕು? ಒಪ್ಪಂದದ ಗೊಡವೆಯೇ ಇಲ್ಲದ ಯಾವುದೋ ದೂರದೇಶದಿಂದ ಅಗ್ಗದ ಷರ್ಟು ತರಿಸಿದ. ಅದರ ಲೇಬಲ್ ಕೀಳಿಸಿ, ‘ಇಲ್ಲಿ ತಯಾರಾದದ್ದು’ ಎಂಬ ಲೇಬಲ್ ಹೊಲಿಸಿ, ಸುಂಕ ಕಟ್ಟದೆ ಗಡಿ ದಾಟಿಸಿದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳು ಕುಳಿತವು. ಅರ್ಧಕ್ಕರ್ಧ ಹೆಂಗಸರು ಮನೆ ಸೇರಿದರು.

ಅತ್ತಿಗೆ ಒಂದೊಂದು ಲೇಬಲ್ ಕೀಳುವಾಗಲೂ ಮಾಲೀಕನ ವಂಶವನ್ನೇ ಜಾಲಾಡುತ್ತಿದ್ದಳು. “ನಾಚಿಕೆಗೆಟ್ಟೋನು! ಯಾರೋ ಹೆತ್ತ ಮಗೂನ ತಂದು ತನ್ನದು ಅಂತಾನೆ.”

“ಮೆತ್ತಗೆ, ಅತ್ತಿಗೆ,” ಎನ್ನುತ್ತಿದ್ದಳು ನಾದಿನಿ. “ನಿಮಗಾದ್ರೆ ಅಣ್ಣ ಇದ್ದಾನೆ. ಇದೂ ಹೋದ್ರೆ ನಾನು ಮಗಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?” ಅವಳ ಗಂಡ ಬಿಟ್ಟುಹೋಗಿದ್ದ. ಕೋಣೆಯ ಬಾಡಿಗೆ, ಮಗಳ ಶಾಲೆ, ಎಲ್ಲವೂ ಈ ಸಂಬಳದಲ್ಲೇ ಆಗಬೇಕಿತ್ತು.

ಅಷ್ಟರಲ್ಲಿ ನೆರೆದೇಶದವರಿಗೆ ವಾಸನೆ ಬಡಿಯಿತು. ತನಿಖೆಗೆ ಅಧಿಕಾರಿಯೊಬ್ಬಳು ಬರುತ್ತಾಳೆಂದು ಗೊತ್ತಾದದ್ದೇ ತಡ, ಪೆಟ್ಟಿಗೆಗಳು ಮಾಯವಾದವು, ತುಕ್ಕು ಹಿಡಿಯುತ್ತಿದ್ದ ಮೆಷಿನ್ನುಗಳಿಗೆ ಎಣ್ಣೆ ಬಿತ್ತು. ಎಂದೂ ಮುಖ ಕೊಟ್ಟು ಮಾತಾಡದ ಮಾಲೀಕ ಅತ್ತಿಗೆಯ ಮುಂದೆ ಬಂದು ಕೈ ಮುಗಿದ.

“ಕೇಳಿದ್ರೆ ನಾನೇ ಹೊಲಿದೆ ಅಂದ್ಬಿಡಮ್ಮ. ಎಲ್ಲರ ಹೊಟ್ಟೆಪಾಡು ನಿನ್ನ ಕೈಲಿದೆ.”

ಅವನ ಮುಖಕ್ಕೆ ಉಗಿಯಬೇಕೆನಿಸಿತು. ನಾದಿನಿಯ ಮುಖ ನೋಡಿ, ಹಲ್ಲು ಕಚ್ಚಿಕೊಂಡು ತಲೆಯಾಡಿಸಿದಳು.

ಅಧಿಕಾರಿ ಬಂದಳು. ಸಾಲುಸಾಲಾಗಿ ಮೆಷಿನ್ನುಗಳನ್ನು ನೋಡಿ, ರಾಶಿಯಿಂದ ಒಂದು ಷರ್ಟು ಎತ್ತಿ ಅತ್ತಿಗೆಯ ಕೈಗಿಟ್ಟಳು. “ಕಾಲರ್ ನಿಮ್ಮದೇ ಅಂತೆ. ಹೌದಾ?”

ಹೌದು ಎನ್ನಲು ಅತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಕಾಲರಿನ ಮೇಲೆ ಬಿತ್ತು. ಒಂದು ಮೂತಿ ಉದ್ದ, ಇನ್ನೊಂದು ಗಿಡ್ಡ. ಹೊಲಿಗೆ ಅಂಕುಡೊಂಕು.

“ಇದಾ? ಈ ದರಿದ್ರಾನಾ? ಇಂಥಾದ್ದು ಹೊಲಿಯೋ ಕೈ ನನಗಿದ್ದಿದ್ರೆ ಕತ್ತರಿಸಿ ಹಾಕ್ತಿದ್ದೆ!”

ಮಾಲೀಕ ಬೆವರಿದ. ಆದರೂ ಘಾಟಿ ಮನುಷ್ಯ. “ಅದು ಇವರದಲ್ಲ, ಮೇಡಂ. ಅಗೋ, ಆ ಹುಡುಗೀದು. ಹೊಸಬಳು,” ಎಂದು ನಾದಿನಿಯತ್ತ ಬೆರಳು ತೋರಿಸಿದ.

ನಾದಿನಿ ತಲೆ ತಗ್ಗಿಸಿದಳು. “ಹೌದು ಮೇಡಂ. ನಾನೇ ಹೊಲಿದಿದ್ದು. ತಪ್ಪಾಯ್ತು.”

ಅಧಿಕಾರಿ ಮುಂದಿನ ಮೆಷಿನ್ನಿಗೆ ಹೊರಟಿದ್ದಳು. ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ತಾನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಹುಡುಗಿ, ಇವನ ಕಸಕ್ಕೆ ಇವಳು ತಪ್ಪೊಪ್ಪಿಕೊಳ್ಳುವುದೇ?

“ಸುಳ್ಳು! ಅವಳಿಗೆ ಹೊಲಿಗೆ ಕಲಿಸಿದ್ದು ನಾನು. ಅವಳ ಕೈಯಲ್ಲೂ ಇಂಥಾ ಕೆಲಸ ಬರಲ್ಲ. ಇವ್ಯಾವುದನ್ನೂ ನಾವು ಹೊಲಿದಿಲ್ಲ. ಲೇಬಲ್ ಕಿತ್ತು ಲೇಬಲ್ ಹಾಕ್ತೀವಿ, ಅಷ್ಟೇ!”

ಅವಳ ಎದೆ ಹಗುರಾಯಿತು. ಅಲ್ಲಿದ್ದ ಬೇರೆ ಯಾರ ಎದೆಯೂ ಹಗುರಾಗಲಿಲ್ಲ.

ಅದೇ ವಾರ ಗೇಟಿಗೆ ಬೀಗ ಬಿತ್ತು. ನಾದಿನಿ ಹೊರಗೆ ನಿಂತಿದ್ದಳು. ಅತ್ತಿಗೆ ಹತ್ತಿರ ಹೋಗಿ ಹೆಗಲು ಮುಟ್ಟಿದಳು. “ಅವನು ಕಳ್ಳ ಕಣೆ. ನಿನ್ನ ಮಾನ ಕಳೀತಿದ್ದ.”

ನಾದಿನಿ ಆ ಕೈಯನ್ನು ಕೊಡವಿ ತಿರುಗಿದಳು.

“ನನ್ನ ಮಾನ ತಾನೇ? ನಾನು ಕಳ್ಕೊಳ್ತಿದ್ದೆ. ನಿಮ್ಮನ್ಯಾರು ಕೇಳಿದ್ರು? ಆ ಮೇಡಂ ನಂಬಿ ಮುಂದಕ್ಕೆ ಹೋಗಿದ್ರು, ಅತ್ತಿಗೆ! ಆ ಕಳ್ಳ ನಾಳೆ ಇನ್ನೊಂದೂರಲ್ಲಿ ಬಾಗಿಲು ತೆಗೀತಾನೆ. ನಾನೀಗ ಶಾಲೆಗೆ ಹೋಗಿ, ನಾಳೆಯಿಂದ ಮಗಳು ಬರಲ್ಲ ಅಂತ ಹೇಳ್ಬೇಕು. ಬನ್ನಿ. ಮಾತು ನಿಮಗೆ ಚೆನ್ನಾಗಿ ಬರುತ್ತಲ್ಲ, ನೀವೇ ಬಂದು ಹೇಳಿ.”