ಎಷ್ಟಾಳಿನ ಮಂಚ

ಮಂಡಿ ಸವೆದಿದೆ, ಇನ್ನು ನೆಲದ ಮೇಲೆ ಮಲಗಕೂಡದು ಎಂದು ಮಂಡ್ಯದ ಡಾಕ್ಟರು ಹೇಳಿದಾಗ ನನ್ನ ಅತ್ತೆ ತಲೆಯಾಡಿಸಿದರು. ಕಸಿವಿಸಿಯಾದದ್ದು ನನಗೆ.

ಮದುವೆಯಾಗಿ ಹೊಳಲಿನಿಂದ ಹಲಗೂರಿಗೆ ಬಂದಾಗಿನಿಂದ, ನಮ್ಮ ಯಜಮಾನರು ಹತ್ತಿರದ ಬ್ಲಫ್ ಊರಿನ ಪವರ್ ಹೌಸಿಗೆ ರಾತ್ರಿ ಪಾಳಿಗೆ ಹೋದಾಗಲೆಲ್ಲ ನಾನು ಮಲಗುವುದು ಅತ್ತೆಯ ಪಕ್ಕದಲ್ಲೇ. ಹೊಸದರಲ್ಲಿ ಹೆದರಿಕೆಗೆ, ಹೆದರಿಕೆ ಹೋದ ಮೇಲೆ ಮಾತಿಗೆ. ಅತ್ತೆಯ ಚಾಪೆಗೆ ಅಡಿಗಳ ಲೆಕ್ಕವಿಲ್ಲ. ಅದು ಎರಡಾಳಿನ ಚಾಪೆ, ಅಷ್ಟೇ. ಬಾವಿಯೂ ಅವರಿಗೆ ಐದಾಳು ಆಳ, ಹುಲ್ಲಿನ ಮೆದೆ ಎರಡಾಳು ಎತ್ತರ. ನನಗೆ ಬರುವ ಒಳ್ಳೆಯ ಮಾತುಗಳಲ್ಲಿ ಅರ್ಧಕ್ಕರ್ಧ ಆ ಚಾಪೆಯ ಮೇಲೆ ಕಿವಿಗೆ ಬಿದ್ದವು. ಮಂಚ ಬಂದರೆ ಅವರು ಮೇಲೆ, ನಾನು ಕೆಳಗೆ. ಇದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಮಳವಳ್ಳಿಯ ಅಂಗಡಿಗೆ ಮೂವರೂ ಹೋದೆವು. ಯಜಮಾನರು ನೇರವಾಗಿ ಸಿಂಗಲ್ ಕಾಟಿನ ಹತ್ತಿರ ನಿಂತು, “ಇದೇ ಸಾಕು ಕಣವ್ವ, ಜಾಗಾನೂ ಉಳಿತದೆ” ಎಂದರು.

“ಇದೇನ್ಲಾ ಇದು, ಮಗ್ಗಲು ತಿರುಗುದ್ರೆ ಬೀದಿಗೆ ಬೀಳ್ತೀನಿ” ಎಂದು ಅತ್ತೆ ಮುಂದೆ ನಡೆದರು.

ಅಂಗಡಿಯವನು ಅಗಲವಾದದ್ದೊಂದನ್ನು ತಟ್ಟಿ ತೋರಿಸಿದ. “ಇದು ಕ್ವೀನ್ ಸೈಜು ಕಣವ್ವ. ರಾಣಿ ಸೈಜು ಅಂತ.”

“ಎಷ್ಟಾಳು ಇಡಿತದಪ್ಪಾ?”

“ಇಬ್ರು.”

“ರಾಣಿ ಅಂದ್ರೆ ಒಬ್ಳಲ್ವೇನ್ಲಾ?”

“ರಾಣಿ ಜೊತೆ ರಾಜ ಬ್ಯಾಡ್ವಾ?”

“ನಮ್ ರಾಜ ಓಗಿ ಯಾವ ಕಾಲ ಆಯ್ತು!”

ಅವನು ಪೆಚ್ಚಾಗಿ ಪಕ್ಕದಲ್ಲಿದ್ದ ಇನ್ನೂ ದೊಡ್ಡ ಮಂಚಕ್ಕೆ ಕೈ ತೋರಿಸಿದ. “ಅದು ಕಿಂಗ್ ಸೈಜು, ರಾಜಂದು.”

“ಮತ್ತೆ? ರಾಜಂಗೆ ಬ್ಯಾರೆ ಮಂಚಾನೇ ಅದೆ. ಅಲ್ಲೇ ಬಿದ್ಕಳ್ಲಿ ಬುಡು.”

ಅಂಗಡಿಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗದೆ ಚಪ್ಪಲಿ ಕಳಚಿ, ರಾಣಿಯ ಮಂಚ ಹತ್ತಿ ಕಾಲು ಚಾಚಿ ಮಲಗಿಯೇಬಿಟ್ಟರು. ಮನೆಯಲ್ಲಿ ಮಾಡುವ ಹಾಗೇ ಒಂದು ಮಗ್ಗುಲಿಗೆ ಸರಿದು, ಉಳಿದ ಜಾಗವನ್ನು ಅಂಗೈಯಿಂದ ಸವರಿದರು.

“ನಿಂತ್ಕಂಡು ಏನ್ ನೋಡ್ತೀಯಮ್ಮಣ್ಣಿ? ಬಾ, ಮನೀಕ. ನೀನು ಮನೀಕಳ್ದೆ ಅಳತೆ ಗೊತ್ತಾಗಾದೆಂಗೆ?”

ಕಂಡವರ ಎದುರಿಗೆ ನಾಚಿಕೆಯಿಂದ ಮುದುಡಿ ಮಲಗಿದೆ. ಅವರ ತೋಳು ನನ್ನ ಮೊಣಕೈಗೆ ತಾಗಿತು.

“ಸಾಕೇನಮ್ಮಿ?” ಎಂದರು, ನನಗೊಬ್ಬಳಿಗೇ ಕೇಳುವಂತೆ.

“ಸಾಕು ಅತ್ತೆ” ಎಂದು ಮುದುಡಿದ್ದ ಕಾಲು ಚಾಚಿದೆ. ಅವರು ಮಗನ ಕಡೆ ತಿರುಗಿದರು. “ಇದ್ನೇ ಲಗೇಜ್ ಆಟೋಗೆ ಆಕ್ಸ್ಲಾ.”

ಈಗ ಮಂಚ ನಡುಮನೆಯ ಅರ್ಧ ನುಂಗಿದೆ. ಪಾಳಿ ಮುಗಿಸಿ ಬರುವ ಯಜಮಾನರ ಮೊಣಕಾಲಿಗೆ ಅದರ ಮೂಲೆ ತಗುಲಿ, ದಿನಾ ಬೆಳಿಗ್ಗೆ ರಾಣಿಗೆ ಒಂದು ಬೈಗುಳ ತಪ್ಪದು. ಹೊಸ ಹಾಸಿಗೆ ಸೆಕೆ ಎಂದು ಅತ್ತೆ ಅದರ ಮೇಲೆ ಹಳೆಯ ಎರಡಾಳಿನ ಚಾಪೆಯನ್ನೇ ಹಾಸಿಸಿದ್ದಾರೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ.